ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹಳೇ ನಾಣ್ಯ ಹುಡುಕೋದು ಹೇಗೆ: ಜಾಗ ಆರಿಸೋದ್ರಿಂದ ಹಿಡಿದು ಕಿಲುಬು ನೋಡ್ಕೊಳ್ಳೋವರೆಗೆ

ಮೆಟಲ್ ಡಿಟೆಕ್ಟರ್ ತಗೋಬೇಕು ಅಂತಿರೋರು ಮೊದಲು ಕೇಳೋದೇ "ಇದು ಎಷ್ಟು ಆಳ ಹಿಡಿಯತ್ತೆ" ಅಂತ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಒಳ್ಳೇ ಮಷಿನ್ ಆದ್ರೂ ಸಾಧಾರಣ ಗಾತ್ರದ ಒಂದು ನಾಣ್ಯನ 15ರಿಂದ 20 ಸೆಂಟಿಮೀಟರ್ ಆಳದಲ್ಲಿ ಹಿಡಿದ್ರೆ ಅದೇ ಚೆನ್ನಾಗಿ ಹಿಡಿದ ಹಾಗೆ, ಮಣ್ಣು ಅನುಕೂಲವಾಗಿದ್ರೆ ಇನ್ನೂ ಸ್ವಲ್ಪ ಜಾಸ್ತಿ, ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ರೆ ತುಂಬಾನೇ ಕಮ್ಮಿ. ಪಾತ್ರೆ, ಪೆಟ್ಟಿಗೆ ತರದ ದೊಡ್ಡ ವಸ್ತು ಇನ್ನೂ ಕೆಳಗಿದ್ರೂ ಸದ್ದು ಕೊಡತ್ತೆ. ಆದ್ರೆ ನೂರಾರು ಮೀಟರ್ ದೂರದಲ್ಲಿರೋ ಚಿನ್ನ ತೋರಿಸತ್ತೆ ಅಂತ ಲಾಂಗ್ ರೇಂಜ್ ಲೊಕೇಟರ್ ಹೆಸ್ರಲ್ಲಿ ಮಾರ್ತಾರಲ್ಲ, ಅವು ಕೆಲಸ ಮಾಡಲ್ಲ, ಅದಕ್ಕೆ ಒಂದು ಪೈಸೆನೂ ಹಾಕ್ಬೇಡಿ. ಚಿಕ್ಕ ನಾಣ್ಯ ಸಿಗೋದೆಲ್ಲ ಹೆಚ್ಚುಕಮ್ಮಿ ಮೇಲಿನ ಒಂದು ಗೇಣು ಮಣ್ಣಲ್ಲೇ. ಹಾಗಾಗಿ ಎಲ್ಲಿ ಹುಡುಕ್ತೀರಿ, ಎಷ್ಟು ನಿಧಾನಕ್ಕೆ ಹುಡುಕ್ತೀರಿ, ಸಿಕ್ಕಾಗ ಅಗೆದ ಗುಂಡಿಯನ್ನ ಹೇಗೆ ನೋಡ್ಕೊಳ್ತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿರೋದು.

ಮಷಿನ್ ಆನ್ ಮಾಡೋಕೆ ಮುಂಚೆ ಅನುಮತಿ ವಿಷ್ಯ. ಜಾಗ ಯಾರದ್ದೋ ಅವರನ್ನ ಕೇಳ್ದೆ ಒಂದು ಹೆಜ್ಜೆನೂ ಇಡ್ಬೇಡಿ, ಬಾಯಿಮಾತಿನ ಒಪ್ಪಿಗೆ ಸಾಲಲ್ಲ, ಸಿಕ್ಕಿದ್ದನ್ನ ಹೇಗೆ ಹಂಚ್ಕೊಳ್ಳೋದು ಅನ್ನೋದನ್ನೂ ಸೇರಿಸಿ ಒಂದು ಹಾಳೆ ಮೇಲೆ ಬರ್ದು ಇಬ್ರೂ ಸಹಿ ಹಾಕ್ಕೊಂಡ್ರೆ ಆಮೇಲೆ ಮನಸ್ತಾಪ ಇರಲ್ಲ. ಸಂರಕ್ಷಿತ ಸ್ಮಾರಕ, ಪುರಾತತ್ವ ಇಲಾಖೆಯ ಜಾಗ, ಸಮಾಧಿ ಸ್ಥಳ ಇವುಗಳ ಹತ್ರ ಸುಳೀಲೇಬೇಡಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ತರ ಇದೆ. ಇಂಗ್ಲೆಂಡ್‌ನಲ್ಲಿ ಮಾಲೀಕರ ಒಪ್ಪಿಗೆ ಇದ್ರೆ ಹುಡುಕ್ಬಹುದು, ಆದ್ರೆ 1996ರ ಟ್ರೆಷರ್ ಆಕ್ಟ್ ಪ್ರಕಾರ ನಿಧಿ ಅನ್ನಿಸಿಕೊಳ್ಳೋ ವಸ್ತು ಸಿಕ್ಕಿದ್ರೆ 14 ದಿನದ ಒಳಗೆ ತಿಳಿಸ್ಬೇಕು. ಐರ್ಲೆಂಡ್‌ನಲ್ಲಿ ಲೈಸೆನ್ಸ್ ಇಲ್ದೆ ಪುರಾತನ ವಸ್ತು ಹುಡುಕೋಕೆ ಡಿಟೆಕ್ಟರ್ ಬಳಸೋದೇ ಅಪರಾಧ. ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ ಬಳಸೋ ಹಾಗಿಲ್ಲ, ಅಲ್ಲಿನ ಸರ್ಕಾರಿ ಜಮೀನಿಂದ ನೂರು ವರ್ಷಕ್ಕಿಂತ ಹಳೇ ಪುರಾತತ್ವ ವಸ್ತುನ ಪರ್ಮಿಟ್ ಇಲ್ದೆ ತೆಗೆಯೋದನ್ನ 1979ರ ಕಾಯ್ದೆ ತಡೆಯತ್ತೆ. ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ, ಮಣ್ಣಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದ್ರೆ ಏನು ಸಿಕ್ತು, ಎಲ್ಲಿ ಸಿಕ್ತು, ಯಾವತ್ತು ಸಿಕ್ತು ಅಂತ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಲೇಬೇಕು, ಮುಚ್ಚಿಟ್ರೆ ಒಂದು ವರ್ಷದವರೆಗೆ ಜೈಲು. ಕೆಲವು ರಾಜ್ಯಗಳಲ್ಲಿ ಅದಕ್ಕೇ ಬೇರೆ ಕಾಯ್ದೆನೂ ಇದೆ. ನೀವಿರೋ ಕಡೆ ಏನಿದೆ ಅಂತ ಮೊದ್ಲು ವಿಚಾರಿಸಿ ಆಮೇಲೆ ಮಷಿನ್ ತಗೊಳ್ಳಿ, ಇದನ್ನ ಉಲ್ಟಾ ಮಾಡಿದವರೇ ಜಾಸ್ತಿ.

ಈಗ ಮಷಿನ್. ಕೆಳಗಿರೋ ದುಂಡನೆ ಕಾಯಿಲ್ ಇದೆಯಲ್ಲ, ಅದ್ರೊಳಗೆ ಎರಡು ತಂತಿ ಸುರುಳಿ ಇರತ್ತೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಾಯಿಸೋ ಕಾಂತಕ್ಷೇತ್ರನ ನೆಲಕ್ಕೆ ಕಳಿಸತ್ತೆ, ಅದು ಲೋಹಕ್ಕೆ ತಾಗಿದಾಗ ಆ ಲೋಹದಲ್ಲಿ ಸಣ್ಣ ಸುಳಿ ಕರೆಂಟ್ ಹುಟ್ಟತ್ತೆ, ಆ ಕರೆಂಟ್ ತನ್ನದೇ ಒಂದು ಕ್ಷೇತ್ರ ವಾಪಸ್ ಕೊಡತ್ತೆ, ಅದನ್ನ ಇನ್ನೊಂದು ಸುರುಳಿ ಹಿಡ್ಕೊಳ್ಳತ್ತೆ. ವಾಪಸ್ ಬರೋ ಸಿಗ್ನಲ್ ಎಷ್ಟು ತಡ ಆಯ್ತು ಅನ್ನೋದು ಲೋಹದಿಂದ ಲೋಹಕ್ಕೆ ಬೇರೆ, ಕರೆಂಟ್ ಚೆನ್ನಾಗಿ ಹರಿಯೋ ಬೆಳ್ಳಿ ತಾಮ್ರದಲ್ಲಿ ಒಂದು ತರ, ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಇನ್ನೊಂದು ತರ, ಕಬ್ಬಿಣದಲ್ಲಿ ಮತ್ತೊಂದು ತರ. ಸ್ಕ್ರೀನ್ ಮೇಲೆ ಬರೋ ನಂಬರ್ ಅಂದ್ರೆ ಇದೇ ಅಂದಾಜು, ಇನ್ನೇನಲ್ಲ, ಕಬ್ಬಿಣಕ್ಕೆ ಕೆಳಗಿನ ನಂಬರ್, ಬೇಗಡೆಗೆ ಮಧ್ಯದ್ದು, ಬೆಳ್ಳಿ ತಾಮ್ರಕ್ಕೆ ಮೇಲಿನದು. ಮಷಿನ್‌ಗೆ ನಾಣ್ಯ ಅಂದ್ರೆ ಏನು ಅಂತ ಗೊತ್ತಿಲ್ಲ, ಲೋಹ ಎಷ್ಟಿದೆ, ಅದ್ರಲ್ಲಿ ಕರೆಂಟ್ ಹೇಗೆ ಹರೀತು ಅನ್ನೋದಷ್ಟೇ ಗೊತ್ತು. ಇದನ್ನ ತಲೇಲಿ ಇಟ್ಕೊಂಡ್ರೆ ಮುಂದೆ ಹೇಳೋದೆಲ್ಲ ಸುಲಭಕ್ಕೆ ಅರ್ಥ ಆಗತ್ತೆ.

ಶುರು ಮಾಡೋರಿಗೆ ವಿಎಲ್ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಅಂತಾರಲ್ಲ, ಆ ಜಾತಿಯ ಮಷಿನ್ ಸಾಕು. ಅದ್ರಲ್ಲೂ ಒಂದೇ ಫ್ರೀಕ್ವೆನ್ಸಿ ಇರೋದು, ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಕಳಿಸೋದು ಅಂತ ಎರಡು ಬಗೆ. ಕಮ್ಮಿ ಫ್ರೀಕ್ವೆನ್ಸಿ, ಅಂದ್ರೆ ಐದಾರು ಕಿಲೋಹರ್ಟ್ಸ್, ದೊಡ್ಡ ಬೆಳ್ಳಿ ತಾಮ್ರದ ನಾಣ್ಯಕ್ಕೆ ಒಳ್ಳೇದು, ಜಾಸ್ತಿ ಫ್ರೀಕ್ವೆನ್ಸಿ ಚಿಕ್ಕ ತೆಳು ವಸ್ತುಗೆ, ಸಣ್ಣ ಚಿನ್ನಕ್ಕೆ ಒಳ್ಳೇದು. ಹಲವು ಫ್ರೀಕ್ವೆನ್ಸಿ ಇರೋದು ಒದ್ದೆ ಉಪ್ಪು ಮರಳಲ್ಲೂ ನೆಟ್ಟಗೆ ಕೆಲಸ ಮಾಡತ್ತೆ, ದುಡ್ಡು ಹೊಂದ್ಸೋಕೆ ಆದ್ರೆ ಅದನ್ನೇ ತಗೊಳ್ಳಿ. ಪಲ್ಸ್ ಇಂಡಕ್ಷನ್ ಅಂತ ಇನ್ನೊಂದು ಜಾತಿ ಇದೆ, ಕಾಂತಕ್ಷೇತ್ರನ ಬಿಟ್ಟು ಬಿಟ್ಟು ಕಳಿಸೋದು, ಖನಿಜ ತುಂಬಿದ ಮಣ್ಣಿಗೂ ಸಮುದ್ರದ ನೀರಿಗೂ ಜಗ್ಗಲ್ಲ, ಆದ್ರೆ ಮೊಳೆ ಯಾವುದು ನಾಣ್ಯ ಯಾವುದು ಅಂತ ವಿಂಗಡಿಸೋದ್ರಲ್ಲಿ ತುಂಬಾ ಹಿಂದೆ, ಕಬ್ಬಿಣ ಚೆಲ್ಲಾಡಿರೋ ಹಳೇ ಊರಿನ ಜಾಗದಲ್ಲಿ ಅದನ್ನ ತಗೊಂಡೋದ್ರೆ ದಿನವಿಡೀ ಮೊಳೆ ಅಗೀತೀರಿ. ಕಾಯಿಲ್ 9ರಿಂದ 11 ಇಂಚಿಂದು ಎಲ್ಲಾ ಕಡೆಗೂ ಆಗತ್ತೆ, ಕಸ ಜಾಸ್ತಿ ಇರೋ ಕಡೆಗೆ 5 ಅಥವಾ 6 ಇಂಚಿನ ಚಿಕ್ಕದೊಂದು ಇದ್ರೆ ಒಳ್ಳೇದು ಯಾಕಂದ್ರೆ ಪಕ್ಕಪಕ್ಕ ಇರೋ ಮೊಳೆನೂ ನಾಣ್ಯನೂ ಬೇರೆ ಬೇರೆ ಅಂತ ಅದಕ್ಕೆ ಗೊತ್ತಾಗತ್ತೆ.

ಮಷಿನ್ ಜೊತೆ ಮೂರು ಸಾಮಾನು ಬೇಕೇಬೇಕು. ಹೆಡ್‌ಫೋನ್, ಇಲ್ದಿದ್ರೆ ಆಳದ ಸಣ್ಣ ಸದ್ದು ಗಾಳಿಲೇ ಹೋಗ್ಬಿಡತ್ತೆ. ಕೈಯಲ್ಲಿ ಹಿಡಿಯೋ ಪಿನ್‌ಪಾಯಿಂಟರ್, ಗುಂಡಿಯೊಳಗೆ ನಾಣ್ಯ ಎಲ್ಲಿದೆ ಅಂತ ಬೆರಳು ತೋರಿಸಿದ ಹಾಗೆ ತೋರಿಸತ್ತೆ. ಆಮೇಲೆ ಗಟ್ಟಿ ಅಲಗಿನ ಸಣ್ಣ ಸಲಿಕೆ. ಬೂಟಿನ ತುದಿಯಲ್ಲಿ ಸ್ಟೀಲ್ ಇದ್ರೆ ಅದಕ್ಕೂ ಸದ್ದು ಬರತ್ತೆ, ಅಂಥ ಬೂಟ್ ಬೇಡ.

ಜಾಗದ ವಿಷ್ಯ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಜನ ಎಲ್ಲಿ ಓಡಾಡಿದಾರೋ, ನಿಂತಿದಾರೋ, ಬಗ್ಗಿದಾರೋ, ದುಡ್ಡು ಎಣಿಸಿದಾರೋ ಅಲ್ಲಿ ನಾಣ್ಯ ಬಿದ್ದಿರತ್ತೆ. ಸಂತೆ ಜಾತ್ರೆ ನಡೀತಿದ್ದ ಮೈದಾನ, ಹಳೇ ಕಾಲುದಾರಿ ಎರಡು ಸೇರೋ ಜಾಗ, ಸೇತುವೆ ಇಲ್ದಾಗ ಜನ ಗಾಡಿ ಸಮೇತ ಹೊಳೆ ದಾಟ್ತಿದ್ದ ಹಾಯ್ಗಡ, ಬಾವಿ ಸುತ್ತಮುತ್ತ, ದೊಡ್ಡ ಹಳೇ ಮರದ ಬುಡ, ಒಂದು ಕಾಲದಲ್ಲಿ ಮನೆ ಇದ್ದು ಈಗ ಬರೀ ಬಯಲಾಗಿರೋ ಜಾಗ. ಹಳೇ ನಕ್ಷೆನ ಈಗಿನ ಸ್ಯಾಟಲೈಟ್ ಫೋಟೋ ಪಕ್ಕ ಇಟ್ಟು ನೋಡಿ, ಮಾಯ ಆಗಿರೋ ದಾರಿ, ಕಟ್ಟಡ, ಗಡಿ ಕಾಣಿಸ್ಕೊಳ್ಳತ್ತೆ. ಬೇಸಿಗೆಯಲ್ಲಿ ತೆಗೆದ ಫೋಟೋದಲ್ಲಿ ಬೆಳೆ ಮಧ್ಯೆ ನೇರ ಗೆರೆ ತರ ಒಣಗಿದ ಪಟ್ಟಿ ಕಂಡ್ರೆ ಅದ್ರ ಕೆಳಗೆ ಗೋಡೆ ಇರಬಹುದು, ಗೋಡೆ ಮೇಲಿನ ಮಣ್ಣು ತೆಳು ಆದ್ದರಿಂದ ಅಲ್ಲಿ ಪೈರು ಬೇಗ ಬಾಡತ್ತೆ. ಅದೇ ಕೆಳಗೆ ಹಳೇ ಕಂದಕ ಇದ್ರೆ ಮಣ್ಣು ಆಳವಾಗಿ ತೇವ ಹಿಡ್ಕೊಂಡು ಅಲ್ಲಿ ಮಾತ್ರ ಹಸಿರು ದಟ್ಟ. ಅಂಥ ಗುರುತು ತೀರಾ ಸ್ಪಷ್ಟವಾಗಿ ಕಂಡು, ದಾಖಲಾಗಿಲ್ಲದ ಹಳೇ ನೆಲೆ ಅನ್ನಿಸಿದ್ರೆ ನೀವು ಅಗೆಯೋಕೆ ಹೋಗ್ಬೇಡಿ, ಪುರಾತತ್ವದವರಿಗೆ ತಿಳಿಸಿ. ನೆಲ ನೋಡ್ತಾ ನಡೀರಿ, ಮಡಕೆ ಚೂರು, ಹಳೇ ಇಟ್ಟಿಗೆ ತುಂಡು, ಗಾಜು ಚೆಲ್ಲಿರೋ ಕಡೆ ಜನ ವಾಸ ಇದ್ರು ಅಂತ ಅರ್ಥ.

ಉತ್ತ ಹೊಲಕ್ಕೂ ಹುಲ್ಲುಗಾವಲಿಗೂ ವ್ಯತ್ಯಾಸ ಇದೆ. ಹುಲ್ಲುಗಾವಲಲ್ಲಿ ಬಿದ್ದ ನಾಣ್ಯ ವರ್ಷ ಕಳೆದ ಹಾಗೆ ನಿಧಾನಕ್ಕೆ ಕೆಳಗೆ ಇಳಿಯತ್ತೆ, ಕಾರಣ ಎರೆಹುಳ. ಅವು ಒಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕ್ತಾ ಹೋಗತ್ವೆ, ನಾಣ್ಯದ ಮೇಲೆ ಹೊಸ ಮಣ್ಣಿನ ಪದರ ಬೀಳ್ತಾನೇ ಇರತ್ತೆ. ಚಾರ್ಲ್ಸ್ ಡಾರ್ವಿನ್ ವರ್ಷಗಟ್ಟಲೆ ಕೂತು ಇದನ್ನೇ ಅಳೆದು 1881ರಲ್ಲಿ ಪ್ರಕಟಿಸಿದ್ದ, ಹಳೇ ಕಟ್ಟಡದ ನೆಲಗಟ್ಟುಗಳೂ ಹೀಗೇ ಮುಚ್ಚಿಹೋಗ್ತಾವೆ ಅಂತ ತೋರಿಸಿದ್ದ. ಹೊಲದಲ್ಲಿ ಹಾಗಲ್ಲ, ಪ್ರತಿ ಉಳುಮೆಯಲ್ಲೂ ನೇಗಿಲು ಎಲ್ಲಾನೂ ತಿರುವಿ ಹಾಕತ್ತೆ, ಹೋದ ವರ್ಷ ಕೈಗೆ ಸಿಗದೆ ಇದ್ದಿದ್ದು ಈ ವರ್ಷ ಮೇಲೆ ಬಂದಿರತ್ತೆ, ಹಾಗಾಗಿ ಒಂದೇ ಹೊಲಕ್ಕೆ ಮತ್ತೆ ಮತ್ತೆ ಹೋಗೋದ್ರಲ್ಲಿ ಅರ್ಥ ಇದೆ. ಉತ್ತು ಮಳೆ ಬಿದ್ದು ಮಣ್ಣು ಕೂತ ಮೇಲೆ ಹೋಗಿ, ಹೆಂಟೆ ಹೆಂಟೆಯಾಗಿ ಇದ್ದಾಗ ಕಾಯಿಲ್ ನೆಲಕ್ಕೆ ತಾಗಿಸಿ ಆಡ್ಸೋಕೆ ಆಗಲ್ಲ. ಒಣ ಮಣ್ಣಿಗಿಂತ ತೇವ ಇರೋ ಮಣ್ಣಲ್ಲಿ ಆಳದ ಸಿಗ್ನಲ್ ಚೆನ್ನಾಗಿ ಬರತ್ತೆ, ಅಗೆಯೋಕೂ ಸುಲಭ.

ಬೀಚ್ ಬೇರೆನೇ ಆಟ, ಇಲ್ಲಿ ಒಂದೆರಡು ಮಾತಷ್ಟೇ. ಸಮುದ್ರ ಇಳಿತದಲ್ಲಿದ್ದಾಗ ಹೋಗಿ, ಬಿರುಗಾಳಿ ಬಂದು ಹೋದ ಮರುದಿನ ಇನ್ನೂ ಒಳ್ಳೇದು ಯಾಕಂದ್ರೆ ಅಲೆ ಮೇಲಿನ ಮರಳನ್ನ ಎಳ್ಕೊಂಡು ಹೋಗಿರತ್ತೆ, ಭಾರದ ವಸ್ತು ಗಟ್ಟಿ ಪದರದ ಮೇಲೆ ಕೂತಿರತ್ತೆ. ಒಂದು ನಾಣ್ಯ ಸಿಕ್ಕಿದ್ರೆ ನೀರಿನ ಅಂಚಿಗೆ ಸಮಾನಾಂತರವಾಗಿ ಅದೇ ಸಾಲಲ್ಲಿ ಹುಡುಕಿ, ಒಂದೇ ತೂಕದ ವಸ್ತುಗಳನ್ನ ಅಲೆ ಒಂದೇ ಸಾಲಲ್ಲಿ ಬಿಟ್ಟು ಹೋಗಿರತ್ತೆ.

ಹೊರಗೆ ಹೋಗೋ ಮುಂಚೆ ನಿಮ್ಮದೇ ಜಾಗದಲ್ಲಿ ಒಂದು ಮೂಲೆಯಲ್ಲಿ ಅಭ್ಯಾಸ ಮಾಡಿ. ಮೊದಲು ಆ ಮೂಲೆಲಿರೋ ಲೋಹ ಎಲ್ಲಾ ತೆಗೆದುಹಾಕಿ, ಆಮೇಲೆ ಗೊತ್ತಿರೋ ನಾಣ್ಯಗಳನ್ನ 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು ಗುರುತು ಮಾಡಿ, ಒಂದರ ಪಕ್ಕ ಬೇಕಂತಲೇ ತುಕ್ಕು ಮೊಳೆ ಹೂಳಿ, ಒಂದ್ಕಡೆ ಬಾಟಲಿ ಮುಚ್ಚಳ, ಒಂದ್ಕಡೆ ಸಿಗರೇಟ್ ಪ್ಯಾಕಿನ ಬೇಗಡೆ. ಒಂದೊಂದರ ಮೇಲೂ ಕಣ್ಣು ಮುಚ್ಕೊಂಡು ಕಾಯಿಲ್ ಆಡ್ಸಿ, ಸದ್ದು ಕೇಳಿ ಏನು ಅಂತ ಹೇಳೋಕೆ ಬರೋವರೆಗೂ. ಜನ ಈ ಕೆಲಸನ ಬೋರು ಅಂತ ಬಿಡ್ತಾರೆ, ಆದ್ರೆ ಹೊಲದಲ್ಲಿ ಕಳೆಯೋ ಎಷ್ಟೋ ಹೊತ್ತು ಇಲ್ಲೇ ಉಳಿಯತ್ತೆ.

ಜಾಗ ತಲುಪಿದ್ಮೇಲೆ ಮೊದಲು ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಒಂದು ಚೂರು ನೆಲ ನೋಡ್ಕೊಂಡು, ಗ್ರೌಂಡ್ ಬ್ಯಾಲೆನ್ಸ್ ಬಟನ್ ಒತ್ತಿ ಹಿಡಿದು, ಕಾಯಿಲ್‌ನ ನೆಲದಿಂದ ಒಂದಡಿ ಎತ್ತರಕ್ಕೆ ಎತ್ತಿ ಇಳಿಸಿ ಎತ್ತಿ ಇಳಿಸಿ ಮಾಡಿ, ಸದ್ದು ಸಮ ಆಗೋವರೆಗೂ. ಮಣ್ಣಲ್ಲಿರೋ ಖನಿಜನ ಮಷಿನ್ ಲೆಕ್ಕದಿಂದ ಬಿಡೋಕೆ ಇದು. ಮಣ್ಣಿನ ಬಣ್ಣ ಬದಲಾದ ಕಡೆ ಮತ್ತೆ ಮಾಡಿ. ಸೆನ್ಸಿಟಿವಿಟಿ, ಅಂದ್ರೆ ಎಷ್ಟು ಸಣ್ಣ ಸಿಗ್ನಲ್‌ಗೂ ಮಷಿನ್ ಸದ್ದು ಮಾಡ್ಬೇಕು ಅನ್ನೋ ಸೆಟ್ಟಿಂಗ್, ಅದನ್ನ ಪೂರ್ತಿ ಏರಿಸಿದ್ರೆ ಆಳ ಜಾಸ್ತಿ ಸಿಗತ್ತೆ ಅನ್ನೋದು ಎಲ್ಲರ ನಂಬಿಕೆ, ಆದ್ರೆ ಮಷಿನ್ ಸುಮ್ಮಸುಮ್ನೆ ಕಿಚಕಿಚ ಅಂತಿದ್ರೆ ನಿಜವಾದ ಸಣ್ಣ ಸದ್ದು ಅದ್ರೊಳಗೆ ಮುಚ್ಚಿ ಹೋಗತ್ತೆ. ಗಲಾಟೆ ನಿಲ್ಲೋವರೆಗೂ ಇಳಿಸಿ, ಅಲ್ಲಿಗೇ ಬಿಡಿ. ಹೈಟೆನ್ಷನ್ ಲೈನ್ ಕೆಳಗೆ, ಜೇಬಲ್ಲಿ ಮೊಬೈಲ್ ಇಟ್ಕೊಂಡಾಗ, ಪಕ್ಕದಲ್ಲಿ ಇನ್ನೊಬ್ರು ಡಿಟೆಕ್ಟರ್ ಆಡಿಸ್ತಿದ್ದಾಗ ಇದೇ ತೊಂದ್ರೆ, ಫ್ರೀಕ್ವೆನ್ಸಿ ಚಾನೆಲ್ ಬದಲಾಯಿಸಿ ನೋಡಿ.

ಕಾಯಿಲ್ ಆಡ್ಸೋದು ನೆಲಕ್ಕೆ ಸಮವಾಗಿ, ಹುಲ್ಲಿನ ತುದಿ ಸವರೋ ಅಷ್ಟು ಹತ್ರ. ತುಂಬ ಜನ ಎರಡೂ ತುದಿಗೆ ಹೋದಾಗ ಕೈ ಎತ್ತಿಬಿಡ್ತಾರೆ, ಅಲ್ಲಿ ನಾಲ್ಕೈದು ಸೆಂಟಿಮೀಟರ್ ಆಳ ಸುಮ್ನೆ ಹೋಯ್ತು. ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೆರಡು ಸೆಕೆಂಡ್ ತಗೊಳ್ಳಿ, ಒಂದು ಹೆಜ್ಜೆಗೆ ಅರ್ಧ ಕಾಯಿಲ್‌ನಷ್ಟೇ ಮುಂದೆ ಹೋಗಿ, ಸಾಲಿನ ಮೇಲೆ ಸಾಲು ಬೀಳಬೇಕು. ಹೊಲ ಪೂರ್ತಿ ಒಂದೇ ದಿನ ಮುಗಿಸೋ ಆತುರ ಬೇಡ, ದಾರ ಕಟ್ಟಿ ಒಂದು ಸಣ್ಣ ತುಂಡು ಮಾಡ್ಕೊಂಡು ಉದ್ದಕ್ಕೆ ಒಂದ್ಸಲ ಅಡ್ಡಕ್ಕೆ ಒಂದ್ಸಲ ನೋಡಿ. ಅಡ್ಡಕ್ಕೆ ನೋಡುವಾಗ ಮೊದಲ ಸಲ ಕೇಳದೆ ಇದ್ದಿದ್ದು ಕೇಳತ್ತೆ, ಅಂಚಿಗೆ ನಿಂತ ನಾಣ್ಯ, ಮೊಳೆ ಮರೆಯಲ್ಲಿರೋ ನಾಣ್ಯ ಎಲ್ಲಾ ಕೋನ ಬದಲಾದಾಗಲೇ ಸಿಗೋದು.

ಇನ್ನು ಸದ್ದು. ಒಳ್ಳೇ ನಾಣ್ಯದ ಸದ್ದು ದುಂಡಗಿರತ್ತೆ, ಎರಡೂ ಕಡೆಯಿಂದ ಒಂದೇ ತರ, ಚಿಕ್ಕದಾಗಿ ಶುರುವಾಗಿ ಚಿಕ್ಕದಾಗಿ ಮುಗಿಯತ್ತೆ, ನಂಬರ್ ಒಂದೆರಡು ಅಂಕಿ ಆಚೀಚೆ ಅಷ್ಟೇ. ಕಬ್ಬಿಣದ್ದು ಹರಕು ಸದ್ದು, ಒಂದು ಕಡೆಯಿಂದ ಬಂದ್ರೆ ಇನ್ನೊಂದು ಕಡೆಯಿಂದ ಬರಲ್ಲ, ನಂಬರ್ ಕೆಳಗಿಂದ ಮೇಲಕ್ಕೆ ಹಾರಾಡತ್ತೆ. ತುಕ್ಕು ಹಿಡಿದ ಉದ್ದ ಮೊಳೆ ಭಾರಿ ಮೋಸ ಮಾಡತ್ತೆ, ಬೆಳ್ಳಿ ತರನೇ ಎತ್ತರದ ಸ್ವರ ಕೊಡತ್ತೆ. ಆಗ ಏನ್ಮಾಡಿ ಅಂದ್ರೆ, ಸದ್ದು ಬಂದ ಜಾಗನ ಮಧ್ಯ ಮಾಡ್ಕೊಂಡು ನೀವು ಸುತ್ತ ತಿರುಗಿ ಕಾಲು ಸುತ್ತು ಆಚೆ ನಿಂತು ಮತ್ತೆ ಕಾಯಿಲ್ ಆಡ್ಸಿ. ನಾಣ್ಯ ಆದ್ರೆ ಅದೇ ಸದ್ದು ಅದೇ ಜಾಗ. ಮೊಳೆ ಆದ್ರೆ ಆ ಚಂದದ ಸ್ವರ ಮುರಿದು ಗುರ್ ಅನ್ನತ್ತೆ, ಮಷಿನ್‌ನ ಪಿನ್‌ಪಾಯಿಂಟ್ ಮೋಡ್‌ಗೆ ಹಾಕಿದ್ರೆ ವಸ್ತು ಇರೋ ಜಾಗನೂ ಆಚೆ ಸರಿದಿರತ್ತೆ, ಯಾಕಂದ್ರೆ ಆ ಎತ್ತರದ ಸ್ವರ ಮೊಳೆಯ ಒಂದು ತುದಿಯಿಂದ ಬಂದಿದ್ದು. ಚಪ್ಪಟೆ ಕಬ್ಬಿಣ, ತೂತಿರೋ ವಾಷರ್ ಇವು ಈ ಪರೀಕ್ಷೆನೂ ಪಾಸ್ ಮಾಡ್ಬಿಡ್ತಾವೆ, ಅವನ್ನ ಅಗೆದೇ ನೋಡ್ಬೇಕು, ಬೇರೆ ದಾರಿ ಇಲ್ಲ.

ಡಿಸ್ಕ್ರಿಮಿನೇಷನ್ ಅನ್ನೋ ಸೌಲಭ್ಯದಿಂದ ಬೇಡದ ನಂಬರ್‌ಗಳನ್ನ ಮೌನ ಮಾಡ್ಬಹುದು, ಆದ್ರೆ ಇದನ್ನ ಜಾಸ್ತಿ ಬಳಸ್ಬೇಡಿ ಅಂತ ಒತ್ತಿ ಹೇಳ್ತೀನಿ. ಚಿನ್ನದ ಉಂಗುರ, ತೆಳು ಚಿನ್ನದ ನಾಣ್ಯ, ಸೀಸದ ಗುಂಡು, ಕ್ಯಾನ್ ಮೇಲಿನ ಎಳೆಯೋ ಉಂಗುರ, ಬೇಗಡೆ ಇವೆಲ್ಲ ಒಂದೇ ಮಧ್ಯದ ನಂಬರ್‌ಗಳಲ್ಲಿ ಬರ್ತಾವೆ. ಬೇಗಡೆ ಬೇಡ ಅಂತ ಮೌನ ಮಾಡಿದ್ರೆ ಚಿನ್ನನೂ ಮೌನ. ಜಜ್ಜಿಹೋದ ಅಲ್ಯೂಮಿನಿಯಂ ಕ್ಯಾನ್ ಬೆಳ್ಳಿ ನಂಬರ್‌ನಲ್ಲೇ ಬರತ್ತೆ. ಸುತ್ತಿಗೆಯಲ್ಲಿ ಕೈಯಿಂದ ಹೊಡೆದು ಮಾಡ್ತಿದ್ದ ಕಾಲದ ತೆಳು ಬೆಳ್ಳಿ ನಾಣ್ಯಗಳು, ಅದ್ರಲ್ಲೂ ಚಿಲ್ಲರೆಗೆ ಅಂತ ಅರ್ಧ ಕಾಲು ತುಂಡು ಮಾಡಿದ್ದು, ಬೆಳ್ಳಿ ಆದ್ರೂ ತೂಕ ಇಲ್ದೆ ಇರೋದ್ರಿಂದ ಎಲ್ಲೋ ಕೆಳಗಿನ ನಂಬರ್‌ನಲ್ಲಿ ಪಿಸುಗುಡ್ತಾವೆ. ಹಾಗಾಗಿ ತೀರಾ ಕೆಳಗಿನ ಕಬ್ಬಿಣದ ಪಟ್ಟಿ ಒಂದನ್ನ ಬಿಟ್ಟು ಉಳಿದಿದ್ದೆಲ್ಲ ತೆರೆದಿಡಿ, ಅನುಮಾನ ಇದ್ದಿದ್ದೆಲ್ಲ ಅಗೀರಿ. ಕಬ್ಬಿಣನೂ ಪೂರ್ತಿ ಮೌನ ಮಾಡೋ ಬದಲು ಸಣ್ಣಗೆ ಕೇಳೋ ಹಾಗೆ ಇಟ್ಕೊಂಡ್ರೆ ಇನ್ನೂ ಒಳ್ಳೇದು, ಒಂದೇ ಕಡೆ ಮೊಳೆ ತುಂಬಾ ಕೇಳಿಸಿದ್ರೆ ಅಲ್ಲೊಂದು ಮನೆ ಇತ್ತು ಅಂತ ಮೊಳೆಗಳೇ ಹೇಳಿದ ಹಾಗೆ. ಸ್ಕ್ರೀನ್ ಮೇಲೆ ತೋರಿಸೋ ಆಳನೂ ನಾಣ್ಯದ ಗಾತ್ರ ಅಂತ ಅಂದ್ಕೊಂಡು ಹಾಕಿದ ಲೆಕ್ಕ, ದೊಡ್ಡ ವಸ್ತು ಆಳದಲ್ಲಿದ್ರೂ ಇಲ್ಲೇ ಇದೆ ಅನ್ನತ್ತೆ.

ಅಗೆಯೋದು. ಕಾಯಿಲ್‌ನ ಪ್ಲಸ್ ಗುರುತಿನ ಹಾಗೆ ಉದ್ದಕ್ಕೂ ಅಡ್ಡಕ್ಕೂ ಆಡ್ಸಿ, ಎರಡು ಗೆರೆ ಸೇರೋ ಕಡೆ ವಸ್ತು ಇರತ್ತೆ. ಹುಲ್ಲಿರೋ ಜಾಗ ಆದ್ರೆ ಆ ಬಿಂದುವಿಂದ ಒಂದು ಅಂಗೈ ಅಗಲ ದೂರ ಬಿಟ್ಟು ಕುದುರೆ ಲಾಳದ ಆಕಾರಕ್ಕೆ ಮೂರು ಕಡೆ ಸಲಿಕೆ ನೆಟ್ಟಗೆ ಇಳಿಸಿ ಕತ್ತರಿಸಿ, ನಾಲ್ಕನೇ ಕಡೆ ಬೇರು ಹಾಗೇ ಇರ್ಲಿ, ಪುಸ್ತಕದ ಹಾಳೆ ತರ ಹುಲ್ಲಿನ ಹೆಪ್ಪನ್ನ ಹಿಂದಕ್ಕೆ ಮಡಚಿ. ಬೇರು ಕಡಿದು ಪೂರ್ತಿ ಎತ್ತಿಟ್ರೆ ಬಿಸಿಲಿಗೆ ಆ ಹುಲ್ಲು ಸತ್ತು ಹಳದಿ ತೇಪೆ ಆಗತ್ತೆ, ಜಾಗದವರು ಮತ್ತೆ ಒಳಗೆ ಬಿಡಲ್ಲ. ಪಕ್ಕದಲ್ಲಿ ಒಂದು ಬಟ್ಟೆ ಹಾಸಿ ಸಡಿಲ ಮಣ್ಣೆಲ್ಲ ಅದ್ರ ಮೇಲೆ ಹಾಕಿ. ಈಗ ಪಿನ್‌ಪಾಯಿಂಟರ್ ತಗೊಂಡು ಮೊದಲು ಮಡಚಿದ ಹೆಪ್ಪಿನ ಕೆಳಮೈ, ಆಮೇಲೆ ಗುಂಡಿಯ ಗೋಡೆ, ಆಮೇಲೆ ತಳ. ಸದ್ದು ಜೋರಾದ ಕಡೆ ಸಲಿಕೆ ಬಿಟ್ಟುಬಿಡಿ, ಬೆರಳಲ್ಲಿ ಮಣ್ಣು ಉದುರಿಸಿ. ಸಲಿಕೆ ಗಾಯ ಬಿದ್ದ ನಾಣ್ಯಗಳೆಲ್ಲ ಈ ಕೊನೆ ಎರಡು ಸೆಂಟಿಮೀಟರ್‌ನಲ್ಲೇ ಗಾಯ ಮಾಡಿಸ್ಕೊಂಡಿರೋದು. ಕಂದು ಮಣ್ಣಲ್ಲಿ ಬೆಳ್ಳಿಯ ಅಂಚು ಬೂದು ಗೆರೆ ತರ ಕಾಣತ್ತೆ, ತಾಮ್ರದ್ದಾದ್ರೆ ಮಣ್ಣಿಗೇ ಹಸಿರು ಕಲೆ ಹಿಡಿದಿರತ್ತೆ, ನಾಣ್ಯ ಎತ್ತಿದ ಜಾಗದಲ್ಲಿ ಅದ್ರ ಮುದ್ರೆಯ ಅಚ್ಚು ಕೂಡ ಒಮ್ಮೊಮ್ಮೆ ಮಣ್ಣಲ್ಲಿ ಮೂಡಿರತ್ತೆ, ಎತ್ತೋ ಮುಂಚೆ ಒಂದು ಫೋಟೋ ತೆಗೀರಿ. ಎತ್ತಿದ್ಮೇಲೆ ಬೆರಳಲ್ಲಿ ಉಜ್ಜೋ ಆಸೆ ಬರತ್ತೆ, ಉಜ್ಜಬೇಡಿ, ಮಣ್ಣಲ್ಲಿರೋ ಮರಳಿನ ಕಣ ಆ ಮೆತ್ತನೆ ಮೇಲ್ಮೈ ಮೇಲೆ ಗೀರು ಹಾಕತ್ತೆ.

ಒಂದು ಸಿಕ್ಕಿದ ಮೇಲೂ ಗುಂಡಿ ಇನ್ನೊಂದ್ಸಲ ಪರೀಕ್ಷೆ ಮಾಡಿ, ಚೀಲದಿಂದ ಬಿದ್ದಿದ್ದಾದ್ರೆ ಜೊತೆಗಿನ್ನೊಂದು ಇರತ್ತೆ. ಏನೂ ಇಲ್ಲ ಅಂದ್ರೆ ಮಣ್ಣು ವಾಪಸ್ ತುಂಬಿ, ಹೆಪ್ಪು ಮುಚ್ಚಿ, ಕಾಲಲ್ಲಿ ಒತ್ತಿ. ಸಿಕ್ಕಿದ ಕಸ, ಮೊಳೆ, ಮುಚ್ಚಳ ಎಲ್ಲಾ ಚೀಲಕ್ಕೆ, ಅಲ್ಲೇ ಎಸೆದ್ರೆ ಮುಂದಿನ ಸಲ ಅದೇ ಸದ್ದು ಮತ್ತೆ ನಿಮಗೇ.

ಮೂರ್ನಾಲ್ಕು ನಾಣ್ಯ ಒಂದೇ ಗುಂಡೀಲಿ ಬಂತು, ಅಥವಾ ಮಡಕೆ ಕಂಠ ಕಾಣಿಸ್ತು ಅಂತಾದ್ರೆ ಅಲ್ಲಿಗೆ ಕೈ ನಿಲ್ಲಿಸಿ. ಇದು ಈ ಇಡೀ ಹವ್ಯಾಸದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲಕ್ಕಿಂತ ದೊಡ್ಡದೂ ಹೌದು. 1992ರಲ್ಲಿ ಇಂಗ್ಲೆಂಡಿನ ಸಫೋಕ್‌ನ ಹಾಕ್ಸ್‌ನ್ ಅನ್ನೋ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು, ಅದನ್ನ ಹುಡುಕಿಕೊಡೋಕೆ ಎರಿಕ್ ಲಾಸ್ ಅನ್ನೋರು ಡಿಟೆಕ್ಟರ್ ತಗೊಂಡು ಹೋದ್ರು, ಸಿಕ್ಕಿದ್ದು ರೋಮನ್ ಕಾಲದ ಚಿನ್ನ ಬೆಳ್ಳಿ. ಅವರು ಸ್ವಲ್ಪ ತೆಗೆದು, ದೊಡ್ಡದೇನೋ ಇದೆ ಅಂತ ಗೊತ್ತಾದ ತಕ್ಷಣ ಅಗೆಯೋದು ನಿಲ್ಲಿಸಿ ವಿಷ್ಯ ಮುಟ್ಟಿಸಿದ್ರು. ಮರುದಿನ ಪುರಾತತ್ವದವರು ಬಂದು ಮಣ್ಣಿನ ಗಡ್ಡೆ ಸಮೇತ ಎತ್ತಿದ್ದರಿಂದ ಹದಿನಾಲ್ಕು ಸಾವಿರಕ್ಕೂ ಮೇಲ್ಪಟ್ಟ ನಾಣ್ಯ, ಆಭರಣ, ಬೆಳ್ಳಿ ಚಮಚ ಎಲ್ಲಾ ಒಂದು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ರು ಅನ್ನೋದು ತಿಳೀತು, ಮರ ಕೊಳೆತು ಹೋಗಿದ್ರೂ ಅದ್ರ ಕೀಲು ಬೀಗ ಇದ್ದ ಜಾಗದಲ್ಲೇ ಇದ್ವು. ಆ ಸುತ್ತಿಗೆನೂ ಸಿಕ್ತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2010ರಲ್ಲಿ ಅದೇ ಇಂಗ್ಲೆಂಡಿನ ಸಾಮರ್‌ಸೆಟ್‌ನ ಫ್ರೋಮ್ ಹತ್ರ ಡೇವ್ ಕ್ರಿಸ್ಪ್ ಅನ್ನೋರಿಗೆ ಒಂದು ದೊಡ್ಡ ಮಡಕೆ ಸಿಕ್ತು, ಅವರೂ ಹೀಗೇ ನಿಲ್ಲಿಸಿ ತಿಳಿಸಿದ್ರು. ಒಳಗಿದ್ದ 52,503 ನಾಣ್ಯಗಳನ್ನ ಪದರ ಪದರವಾಗಿ ತೆಗೆದಾಗ ಎಲ್ಲಕ್ಕಿಂತ ಈಚಿನ ಕಾಲದ ನಾಣ್ಯಗಳಲ್ಲಿ ಹೆಚ್ಚಿನವು ಮೇಲಿರದೆ ಕೆಳಗಿನ ಭಾಗದಲ್ಲಿದ್ವು. ಅಂದ್ರೆ ವರ್ಷವರ್ಷ ಕೂಡಿಟ್ಟ ಉಳಿತಾಯ ಅದಲ್ಲ, ಒಂದೇ ಸಲಕ್ಕೆ ಸುರಿದದ್ದು. ಕೈಹಾಕಿ ಬಾಚಿಕೊಂಡಿದ್ರೆ ನಾಣ್ಯ ಎಲ್ಲಾ ಸಿಗ್ತಿತ್ತು, ಈ ಸಂಗತಿ ಮಾತ್ರ ಯಾರಿಗೂ ಯಾವತ್ತೂ ಸಿಗ್ತಿರ್ಲಿಲ್ಲ. ಇದಕ್ಕೆ ತದ್ವಿರುದ್ಧ 2015ರಲ್ಲಿ ಹೆರೆಫೋರ್ಡ್‌ಶೈರ್‌ನಲ್ಲಿ ಸಿಕ್ಕ ವೈಕಿಂಗ್ ಕಾಲದ ನಿಧಿ, ಸಿಕ್ಕವರು ಮುಚ್ಚಿಟ್ಟು ಮಾರೋಕೆ ಹೋದ್ರು, 2019ರಲ್ಲಿ ಜೈಲಿಗೆ ಹೋದ್ರು, ಸುಮಾರು ಮುನ್ನೂರು ಇದ್ದಿರಬಹುದಾದ ನಾಣ್ಯಗಳಲ್ಲಿ ಆಗ ವಾಪಸ್ ಸಿಕ್ಕಿದ್ದು ಬರೀ 31.

ನಿಲ್ಲಿಸಿದ ಮೇಲೆ ಗುಂಡಿಯ ಫೋಟೋ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು, ಮೊಬೈಲಲ್ಲಿ ಲೊಕೇಶನ್, ಆಮೇಲೆ ಮಣ್ಣು ಹಗುರಕ್ಕೆ ವಾಪಸ್ ಮುಚ್ಚಿ ಜಾಗದವರಿಗೆ, ಅಧಿಕಾರಿಗಳಿಗೆ ಫೋನ್. ಫೋಟೋನ ಎಲ್ಲೂ ಹಾಕ್ಬೇಡಿ, ರಾತ್ರಿ ಯಾರಾದ್ರೂ ಬಂದು ಅಗೆದುಬಿಡ್ತಾರೆ. ಯುದ್ಧ ನಡೆದ ಪ್ರದೇಶ ಆದ್ರೆ ಇನ್ನೊಂದು ಎಚ್ಚರಿಕೆ: ಉದ್ದನೆ ಸಿಲಿಂಡರ್ ಆಕಾರದ ಅಥವಾ ಮೊಟ್ಟೆ ಆಕಾರದ ತುಕ್ಕು ಕಬ್ಬಿಣ ಕಂಡ್ರೆ ಮುಟ್ಟಬೇಡಿ, ಅಲುಗಾಡಿಸ್ಬೇಡಿ, ದೂರ ಸರಿದು ಪೊಲೀಸರಿಗೆ ಹೇಳಿ, ಒಂದನೇ ಮಹಾಯುದ್ಧದ ಶೆಲ್‌ಗಳು ಈಗಲೂ ಸಿಡೀತವೆ.

ಒಂಟಿ ನಾಣ್ಯ ಆದ್ರೂ ಬರೆದಿಡಿ. ತಾರೀಕು, ಲೊಕೇಶನ್, ಆಳ, ಮಣ್ಣಿನ ಬಣ್ಣ, ಪಕ್ಕದಲ್ಲಿ ಇನ್ನೇನಿತ್ತು, ಒಂದು ಸಂಖ್ಯೆ ಕೊಟ್ಟು ಅದೇ ಸಂಖ್ಯೆನ ಪುಟ್ಟ ಕವರ್ ಮೇಲೂ ಬರೀರಿ. ಬಕಲ್, ಬಟನ್, ಸೀಸದ ಗುಂಡು, ತೂಕದ ಬಟ್ಟು ಇವಕ್ಕೂ ಹಾಗೇ. ಒಂದು ಹೊಲದಲ್ಲಿ ಸೀಸದ ಗುಂಡುಗಳೆಲ್ಲ ಒಂದೇ ದಿಕ್ಕಲ್ಲಿ ಸಾಲಾಗಿ ಬಿದ್ದಿವೆ ಅಂತ ನಕ್ಷೆ ಮೇಲೆ ಚುಕ್ಕಿ ಇಟ್ಟಾಗಲೇ ಗೊತ್ತಾಗೋದು, ಡಬ್ಬಿಯಲ್ಲಿ ತುಂಬಿಟ್ರೆ ಬರೀ ಸೀಸ.

ತೊಳೆಯೋ ವಿಷ್ಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಎಷ್ಟು ಕಮ್ಮಿ ಮಾಡಿದ್ರೆ ಅಷ್ಟು ಒಳ್ಳೇದು. ಚಿನ್ನಕ್ಕೆ ಏನೂ ಆಗಿರಲ್ಲ, ನೀರಲ್ಲಿ ನೆನೆಸಿ ಮಣ್ಣು ಬಿಟ್ರೆ ಸಾಕು. ಬೆಳ್ಳಿನ ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ಮಣ್ಣು ತಾನಾಗೇ ಸಡಿಲ ಆಗತ್ತೆ, ಒರೆಸದೆ ಮೆತ್ತನೆ ಬಟ್ಟೆ ಮೇಲೆ ಇಟ್ಟು ಒಣಗಿಸಿ. ತಾಮ್ರ ಕಂಚಿನ ಮೇಲೆ ನಯವಾದ ಹಸಿರು ಅಥವಾ ಕಂದು ಪದರ ಇದ್ರೆ ಅದನ್ನ ಹಾಗೇ ಬಿಡಿ, ಮುದ್ರೆಯ ಅಕ್ಷರ ಎಷ್ಟೋ ಸಲ ಆ ಪದರದಲ್ಲೇ ಉಳಿದಿರತ್ತೆ, ಕೆರೆದ್ರೆ ಕೆಳಗೆ ಗುಳಿಬಿದ್ದ ಲೋಹ ಅಷ್ಟೇ. ನಿಂಬೆರಸ, ವಿನೆಗರ್, ಪಾಲಿಶ್, ತಂತಿ ಬ್ರಷ್ ಯಾವುದೂ ಬೇಡ. ಫಳಫಳ ಹೊಳೆಯೋ ಹಾಗೆ ಉಜ್ಜಿದ ಹಳೇ ನಾಣ್ಯನ ಸಂಗ್ರಹಕಾರರು ಕೈಯಲ್ಲೂ ಹಿಡಿಯಲ್ಲ.

ಕಂಚಿನ ನಾಣ್ಯದಲ್ಲಿ ತಿಳಿ ಹಸಿರು ಪುಡಿ ಅಲ್ಲಲ್ಲಿ ಉದುರ್ತಾ ಇದ್ರೆ ಅದು ಸಾಮಾನ್ಯ ಕಿಲುಬಲ್ಲ. ಮಣ್ಣಿನ ಉಪ್ಪಿಂದ ಬಂದ ಕ್ಲೋರೈಡ್ ಗಾಳಿಯ ತೇವದ ಜೊತೆ ಸೇರಿ ಲೋಹನ ತಿಂತಾ ಹೋಗೋದು, ಒಂದು ಪುಡಿ ಮುಗಿದ್ರೆ ಕೆಳಗಿಂದ ಇನ್ನೊಂದು ಪುಡಿ. ಅಂಥದ್ದನ್ನ ತಕ್ಷಣ ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಇಟ್ಟು ಪೂರ್ತಿ ಒಣ ಇರೋ ಹಾಗೆ ನೋಡ್ಕೊಳ್ಳಿ, ಬೆಲೆಬಾಳೋದಾದ್ರೆ ಸಂರಕ್ಷಣೆ ಗೊತ್ತಿರೋರ ಹತ್ರ ತಗೊಂಡೋಗಿ. ಕಬ್ಬಿಣದ ಹಳೇ ವಸ್ತು ಅಂತೂ ಗಡ್ಡೆ ತರ ಕಾಣತ್ತೆ, ಏನು ಅಂತನೇ ಗೊತ್ತಾಗಲ್ಲ, ಸುತ್ತಿಗೆ ತಗೊಂಡು ತುಕ್ಕು ಉದುರಿಸೋಕೆ ಹೋಗ್ಬೇಡಿ, ಸಂರಕ್ಷಣೆ ಮಾಡೋರು ಮೊದಲು ಎಕ್ಸ್‌ರೇ ತೆಗೆದು ಒಳಗೆ ಕತ್ತಿನಾ ಕೀಲಿಕೈನಾ ಅಂತ ನೋಡ್ತಾರೆ. ಹೊಲದ ಕಬ್ಬಿಣ ಒಣಗಿರಬೇಕು, ಸಮುದ್ರದಿಂದ ಬಂದ ಕಬ್ಬಿಣ ಮಾತ್ರ ನೀರಲ್ಲೇ ಮುಳುಗಿರಬೇಕು, ಒಣಗಿದ್ರೆ ಒಳಗಿನ ಉಪ್ಪು ಹರಳುಗಟ್ಟಿ ಚಕ್ಕೆ ಚಕ್ಕೆಯಾಗಿ ಬಿರಿಯತ್ತೆ. ಲೋಹದ ಜೊತೆ ಚರ್ಮ, ಮರದ ಹಿಡಿ ಅಂಟಿಕೊಂಡಿದ್ರೆ ಅದನ್ನೂ ಒದ್ದೆಯಾಗೇ ಇಟ್ಟು ಬೇಗ ತಲುಪಿಸಿ.

ಎತ್ತಿಡೋಕೆ ಮೆತ್ತನೆ ಪಿವಿಸಿ ಕವರ್ ಬಳಸ್ಬೇಡಿ, ಅದ್ರಲ್ಲಿರೋ ಮೆದು ಮಾಡೋ ರಾಸಾಯನಿಕ ಕೆಲವು ವರ್ಷಕ್ಕೆ ಹೊರಗೆ ಬಂದು ನಾಣ್ಯದ ಮೇಲೆ ಹಸಿರು ಅಂಟು ಕೂರತ್ತೆ. ರಬ್ಬರ್ ಬ್ಯಾಂಡ್, ಅಗ್ಗದ ರಟ್ಟಿನ ಡಬ್ಬಿಯಲ್ಲಿ ಗಂಧಕ ಇರತ್ತೆ, ಬೆಳ್ಳಿ ಕಪ್ಪಾಗತ್ತೆ. ಪಾಲಿಎಥಿಲೀನ್ ಚೀಲ ಅಥವಾ ಮೈಲಾರ್ (ಒಂದು ಬಗೆಯ ಪಾಲಿಯೆಸ್ಟರ್ ಹಾಳೆ) ಕವರ್ ಸುರಕ್ಷಿತ. ನಾಣ್ಯ ಹಿಡಿಯೋದು ಯಾವಾಗ್ಲೂ ಅಂಚಲ್ಲಿ. ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಡಬ್ಬಿ ತೆಗೆದು ಸಿಲಿಕಾ ಜೆಲ್ ಬಣ್ಣ ಬದಲಾಗಿದ್ಯಾ ನೋಡಿ, ಬದಲಾಗಿದ್ರೆ ಓವನ್‌ನಲ್ಲಿ ಕಮ್ಮಿ ಬಿಸಿಗೆ ಒಣಗಿಸಿ ವಾಪಸ್ ಹಾಕಿ, ಹಾಗೇ ಒಂದೊಂದು ಕಂಚಿನ ನಾಣ್ಯನೂ ಬೆಳಕಿಗೆ ಹಿಡಿದು ಹೊಸ ಹಸಿರು ಪುಡಿ ಬಂದಿದ್ಯಾ ಅಂತ ನೋಡ್ಕೊಳ್ಳಿ.